ಇನ್ನೂ ಏರ್ತದೆ, ತಡೀರಿ!

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕಿನಲ್ಲಿ ಊರಿಗೊಬ್ಬರಾದರೂ ಧಾರಣೆ ರಾಯರು ಇದ್ದೇ ಇರುತ್ತಾರೆ. ಹೆತ್ತವರು ಇಟ್ಟ ಹೆಸರು ಪಹಣಿಯಲ್ಲಿ ಭದ್ರವಾಗಿದೆ, ಊರಿಗೆ ಅದರ ಅಗತ್ಯ ಬಿದ್ದಿಲ್ಲ. ಅರವತ್ತರ ಆಚೀಚೆ ವಯಸ್ಸು, ನಾಲ್ಕೆಕರೆ ಅಡಿಕೆ ತೋಟ, ಹೆಗಲ ಮೇಲೆ ಬೈರಾಸ. ಎದುರು ಸಿಕ್ಕವರು ‘ಆರಾಮಾ ರಾಯರೇ?’ ಅಂದರೆ, ‘ರಾಶಿ ಮುನ್ನೂರು ಇಳಿದಿದೆ ಮಾರಾಯ್ರೆ’ ಅನ್ನುತ್ತಾರೆ. ಆರೋಗ್ಯ ಹೇಗಿದೆ ಎಂಬುದನ್ನು ನಾವು ಅದರಿಂದಲೇ ತಿಳಿದುಕೊಳ್ಳಬೇಕು.

ಸರಕು, ಬೆಟ್ಟೆ, ರಾಶಿ, ಗೊರಬಲು. ಅಡಿಕೆಯ ಈ ಬಗೆಗಳಲ್ಲಿ ಯಾವುದಕ್ಕೆ ಶಿವಮೊಗ್ಗದಲ್ಲೆಷ್ಟು, ಸಾಗರದಲ್ಲೆಷ್ಟು, ಶಿರಸಿಯಲ್ಲೆಷ್ಟು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಮೊದಲೆಲ್ಲ ಈ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸು ತಿರುವಿನಲ್ಲಿ ಕಂಡರೆ ಸಾಕು, ರಾಯರು ರಸ್ತೆಗಿಳಿದು ಕಂಡಕ್ಟರ್ ಹತ್ತಿರ ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸಿನ ರೇಟು ಕೇಳುತ್ತಿದ್ದರು. ಬಸ್ಸು ಹತ್ತುವ ಉದ್ದೇಶ ಇರುತ್ತಿರಲಿಲ್ಲ. 2020ರಲ್ಲಿ ಆ ಬಸ್ಸುಗಳು ನಿಂತವು. ಈಗ ವಾಟ್ಸಾಪ್ ಇದೆ. ಆದರೆ ರಾಯರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಹಿಂದಿನ ಧರೆಯ ಮೇಲೆ ಮಾತ್ರ. ದಿನಾ ಸಂಜೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಬೈಲು ಎತ್ತಿ ಹಿಡಿದು ಅವರು ಧರೆ ಹತ್ತುವುದನ್ನು ನೋಡಿದ ಬಿಹಾರದ ಕೆಲಸದ ಹುಡುಗರು ಅದೇನೋ ಪೂಜೆ ಎಂದುಕೊಂಡಿದ್ದಾರೆ.

ಇಷ್ಟೆಲ್ಲ ತಿಳಿದ ರಾಯರು ಮಾಡದೇ ಇರುವ ಕೆಲಸ ಒಂದೇ. ಅಡಿಕೆ ಮಾರುವುದು.

ಅಟ್ಟದ ಮೇಲೆ ಹೋದ ವರ್ಷದ್ದಿದೆ, ಅದರ ಹಿಂದಿನ ವರ್ಷದ್ದೂ ಇದೆ. ‘ಕೊಡೂದಲ್ವಾ ರಾಯರೇ, ರೇಟು ಏರಿದೆಯಲ್ಲ?’ ಅಂತ ಕೇಳಿನೋಡಿ. ‘ಏರುವಾಗ ಯಾರಾದ್ರೂ ಕೊಡ್ತಾರಾ? ಇನ್ನೂ ಏರ್ತದೆ, ತಡೀರಿ!’ ಇಳಿದಾಗ ಕೇಳಿದರೆ, ‘ಈ ರೇಟಿಗೆ ಕೊಡೂದಕ್ಕೆ ನನಗೇನು ತಲೆ ಕೆಟ್ಟಿದೆಯಾ?’ ಏರದೆ ಇಳಿಯದೆ ನಿಂತ ದಿನ ಮಾತೇ ಆಡುವುದಿಲ್ಲ. ಅಂಥ ದಿನ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಗುತ್ತದೆ.

2014ರಲ್ಲಿ ರಾಶಿ ಯಾರೂ ಕನಸಿನಲ್ಲೂ ಕಾಣದ ಎತ್ತರಕ್ಕೆ ಹೋಯಿತಲ್ಲ, ಆಗ ಊರಿಗೆ ಊರೇ ಅಟ್ಟ ಗುಡಿಸಿ ಮಾರಿತು. ಹೊಸ ಜೀಪು ಬಂದವು, ಹೆಂಚಿನ ಮನೆಗಳಿಗೆ ತಾರಸಿ ಬಂತು. ರಾಯರು ಮಾತ್ರ ಕ್ವಿಂಟಾಲಿಗೆ ಲಕ್ಷ ಆಗಲಿ ಎಂದು ಕಾದು ಕೂತರು. ಧಾರಣೆ ಬಂದ ದಾರಿಯಲ್ಲೇ ಜರ್ರನೆ ಇಳಿದು ಹೋಯಿತು. ಇದರಿಂದ ಅವರು ಕಲಿತದ್ದು, ಇನ್ನೂ ಸ್ವಲ್ಪ ಜಾಸ್ತಿ ಕಾಯಬೇಕು ಎಂದು.

ಧಾರಣೆ ಇಳಿಯಲು ಕಾರಣ ಯಾರು ಎಂಬ ವಿಷಯದಲ್ಲಿ ರಾಯರ ಲೋಕಜ್ಞಾನ ದೊಡ್ಡದು. 2022ರಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆ ತರಿಸಿಕೊಳ್ಳಲು ಕೇಂದ್ರ ಒಪ್ಪಿಗೆ ಕೊಟ್ಟಾಗ ಮೊಮ್ಮಗನ ಅಟ್ಲಾಸು ಬಿಡಿಸಿ, ಬೆರಳುಗುರಿನಷ್ಟಿದ್ದ ಆ ದೇಶವನ್ನು ಹುಡುಕಿ, ‘ಇಷ್ಟಿದ್ದುಕೊಂಡು ಎಷ್ಟು ಕೊಬ್ಬು ನೋಡು’ ಅಂದರು. ಮಾರನೇ ವರ್ಷ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ಪಾಯಸ ಮಾಡಿಸಿದರು. ಚನ್ನಗಿರಿ ಕಡೆಯ ಬೋರ್‌ವೆಲ್ ಅಡಿಕೆ ಎಂದರೆ ಮೂಗು ಮುರಿಯುತ್ತಾರೆ. ‘ಮಳೆ ಕಾಣದ ಅಡಿಕೆಯೂ ಅಡಿಕೆಯಾ?’ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ ಎಂದು ಯಾರಾದರೂ ಓದಿದವರು ಬಾಯಿಬಿಟ್ಟರೆ, ತೊಂಬತ್ತು ವರ್ಷ ಎಲೆಯಡಿಕೆ ಜಗಿದ ಅಜ್ಜನನ್ನು ಸಾಕ್ಷಿಗೆ ಕರೆಯುತ್ತಾರೆ. ನೀವು ಜಗಿಯುವುದಿಲ್ಲವಾ ಎಂದರೆ, ‘ಇಲ್ಲಪ್ಪ, ಹಲ್ಲು ಹಾಳಾಗ್ತದೆ.’

ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ಏಣಿ ಹತ್ತುತ್ತಾರೆ. ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಅಡಿಕೆ ತೆಗೆಯುತ್ತಾರೆ. ಬೈರಾಸದಲ್ಲಿ ಒರೆಸಿ, ಕಿವಿಯ ಹತ್ತಿರ ಹಿಡಿದು ಅಡಕತ್ತರಿಯಲ್ಲಿ ಕತ್ತರಿಸುತ್ತಾರೆ. ಟಕ್ ಎಂದರೆ ಸಮಾಧಾನ. ಪುಸ್ ಎಂದು ಪುಡಿ ಉದುರಿದರೆ ಕುಟ್ಟೆ ಹಿಡಿದಿದೆ ಎಂದರ್ಥ. ಅಂಥದ್ದನ್ನು ಜೇಬಿಗೆ ಹಾಕಿಕೊಂಡು ಇಳಿಯುತ್ತಾರೆ, ಹೆಂಡತಿಗೆ ತೋರಿಸುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಗಾದೆ ಕಟ್ಟಿದವರು ಇದನ್ನೆಲ್ಲ ಕಂಡೇ ಕಟ್ಟಿರಬೇಕು.

ಎನ್.ಆರ್.ಪುರದ ಕಡೆಯ ದಾಯಾದಿಗಳು ಶುಂಠಿ ಹಾಕಿದರು, ರಬ್ಬರ್ ಹಾಕಿದರು. ಮಗ ಬೆಂಗಳೂರಿಗೆ ಹೋದ. ರಾಯರು ಇದನ್ನೆಲ್ಲ ನಗುತ್ತಲೇ ನೋಡಿದವರು. ನಗು ನಿಲ್ಲುವುದು ಶೃಂಗೇರಿ ಬದಿಯ ಭಾವನ ಮನೆಗೆ ಹೋದಾಗ ಮಾತ್ರ. ಅಲ್ಲಿ ತೋಟಕ್ಕೆ ಹಳದಿ ಎಲೆ ರೋಗ ತಗುಲಿ ವರ್ಷಗಳಾದವು. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನಿಂದ ಬರುವ ರೋಗ, ಬೋರ್ಡೋ ದ್ರಾವಣಕ್ಕೆ ಜಗ್ಗುವುದಿಲ್ಲ, ಬೇರೆ ಮದ್ದೂ ಇಲ್ಲ. ಮರ ನಿಂತಿದೆ, ಕೊನೆ ಇಲ್ಲ. ಭಾವನ ಜಗಲಿಯಲ್ಲಿ ಕೂತು ರಾಯರು ಮಳೆ ಬಗ್ಗೆ ಮಾತಾಡುತ್ತಾರೆ, ಮಂಗನ ಕಾಟದ ಬಗ್ಗೆ ಮಾತಾಡುತ್ತಾರೆ, ಮಠದ ನವರಾತ್ರಿ ಬಗ್ಗೆ ಮಾತಾಡುತ್ತಾರೆ. ರೇಟಿನ ಸುದ್ದಿ ಎತ್ತುವುದಿಲ್ಲ. ಮೊಬೈಲು ಟಿಂಗ್ ಎಂದರೂ ಜೇಬಿನಿಂದ ತೆಗೆಯುವುದಿಲ್ಲ. ಈ ಒಂದು ಕಾರಣಕ್ಕೆ ಅವರ ಉಳಿದದ್ದನ್ನೆಲ್ಲ ಮಾಫಿ ಮಾಡಬಹುದು ಅನಿಸುತ್ತದೆ ನನಗೆ.

ಹಾಗಾದರೆ ಮನೆ ಹೇಗೆ ನಡೆಯುತ್ತದೆ? ಕೂಲಿಗೆ, ಮೈಲುತುತ್ತಕ್ಕೆ ರಾಯರು ಸೊಸೈಟಿಯಲ್ಲಿ ಸಾಲ ಎತ್ತುತ್ತಾರೆ. ಅಟ್ಟದ ಮೇಲೆ ಧಾರಣೆ ಏರಿದಷ್ಟು ಕೆಳಗೆ ಬಡ್ಡಿ ಏರುತ್ತದೆ. ಕರೆಂಟು ಬಿಲ್ಲು, ಗ್ಯಾಸು, ದಿನಸಿ, ಮದುವೆ ಮುಂಜಿಯ ಉಡುಗೊರೆ ಇವುಗಳ ಲೆಕ್ಕ ಅವರಿಗೆ ಗೊತ್ತೇ ಇಲ್ಲ. ಅದು ಹೆಂಡತಿಯ, ಅಂದರೆ ಅಮ್ಮನವರ ಖಾತೆ. ತೋಟದಲ್ಲಿ ಉದುರಿದ ಅಡಿಕೆ ಹೆಕ್ಕಿ ಒಣಗಿಸುವುದು ಅವರು, ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಸಿ ಅಂಗಳದಲ್ಲಿ ಹರವುವುದೂ ಅವರೇ. ಒಣಗಿದ ಮಾರನೇ ದಿನ ಪೇಟೆಗೆ ಹೋಗುವ ಯಾವುದೋ ಆಟೋದಲ್ಲಿ ಚೀಲ ಹೋಗುತ್ತದೆ, ದುಡ್ಡು ಬರುತ್ತದೆ. ಅವರು ಯಾವತ್ತೂ ಧರೆ ಹತ್ತಿದವರಲ್ಲ.

ಮೊನ್ನೆ ಮನೆಗೆ ಹೊಸ ವಾಷಿಂಗ್ ಮೆಷಿನ್ ಬಂತು. ರಾಯರು ಅದರ ಸುತ್ತ ಎರಡು ಸುತ್ತು ಹಾಕಿ, ‘ಇದಕ್ಕೆ ದುಡ್ಡೆಲ್ಲಿಂದ ಬಂತು?’ ಅಂದರು.

‘ಮೆಣಸು ಕೊಟ್ಟೆ.’

‘ಎಷ್ಟಕ್ಕೆ ಕೊಟ್ಟೆ?’

ಅಮ್ಮನವರು ರೇಟು ಹೇಳಿದರು. ರಾಯರು ತಲೆ ಮೇಲೆ ಕೈ ಹೊತ್ತುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತರು.

‘ಅಯ್ಯೋ, ಒಂದು ತಿಂಗಳು ತಡೀಲಿಕ್ಕೆ ಆಗ್ತಿರ್ಲಿಲ್ವಾ ನಿಂಗೆ!’