ರೌಂಡ್ ಸೀಲ್ ಮಹಾಶಯರ ಸನ್ನಿಧಾನಕ್ಕೆ

ಪೀಣ್ಯ, ಬೈಕಂಪಾಡಿ, ಹುಬ್ಬಳ್ಳಿಯ ಗೋಕುಲ ರಸ್ತೆ, ಮೈಸೂರಿನ ಹೆಬ್ಬಾಳ, ಹೀಗೆ ಎಲ್ಲೆಲ್ಲಿ ಕೈಗಾರಿಕಾ ಪ್ರದೇಶವುಂಟೋ ಅಲ್ಲಲ್ಲಿ ಮಾಲೀಕರ ಮೇಜಿನ ಬಲಗಡೆಯ ಡ್ರಾಯರಿನಲ್ಲಿ ನೆಲೆಸಿ, ನೇರಳೆ ಶಾಯಿಯಲ್ಲಿ ಮಿಂದು, ಕಂಪನಿಯ ಹೆಸರನ್ನು ಮೈಸುತ್ತ ಧರಿಸಿ ವಿರಾಜಮಾನರಾಗಿರುವ ರೌಂಡ್ ಸೀಲ್ ಮಹಾಶಯರಿಗೆ ಸಾಷ್ಟಾಂಗ ನಮಸ್ಕಾರಗಳು. ವ್ಯವಹಾರ ಬೆಳೆದಿದೆ, ಇನ್ನು ಮುಂದೆ ಒಪ್ಪಂದಗಳಿಗೆಲ್ಲ ಎಲೆಕ್ಟ್ರಾನಿಕ್ ಸಹಿ ಎಂಬ ಸುದ್ದಿ ಡ್ರಾಯರಿನೊಳಗೂ ಬಂದು ಮುಟ್ಟಿರಬೇಕು. ಅದಕ್ಕೆ ಮಾಲೀಕರು ಹೂಂಗುಟ್ಟಿ, ಕೊನೆಗೆ ‘ಆದ್ರೂ ಒಂದು ಪ್ರಿಂಟ್ ತೆಗ್ದು ಸೀಲು ಹಾಕ್ಸಿಡಿ, ಸೇಫ್ಟಿಗೆ’ ಎನ್ನುವುದೂ ಕೇಳಿಸಿರಬೇಕು. ಆ ಒಂದು ಮಾತಿನಿಂದ ತಾವು ನೆಮ್ಮದಿಯ ಉಸಿರು ಬಿಟ್ಟಿರುತ್ತೀರಿ. ಈ ಪತ್ರ ಬರೆಯಬೇಕಾಗಿ ಬಂದದ್ದು ಆ ‘ಸೇಫ್ಟಿ’ಯ ಕಾರಣಕ್ಕೇ. ತಮ್ಮಿಂದ ಇದುವರೆಗೆ ಯಾರಿಗೆ ಯಾವ ಸೇಫ್ಟಿ ಸಿಕ್ಕಿದೆ ಎಂದು ಲೆಕ್ಕಕ್ಕೆ ಕೂತರೆ ತಮಗೇ ಸಂಕೋಚವಾದೀತು.

ಮೊದಲು ವಂಶಾವಳಿ ನೋಡೋಣ. ಕಂಪನಿ ಕಾನೂನಿನಲ್ಲಿ ಸ್ಥಾನಮಾನ ಇದ್ದದ್ದು ತಮಗಲ್ಲ, ಕಾಗದದ ಮೇಲೆ ಉಬ್ಬಚ್ಚು ಒತ್ತುತ್ತಿದ್ದ ತಮ್ಮ ದೊಡ್ಡಣ್ಣ ಕಾಮನ್ ಸೀಲ್ ಅವರಿಗೆ. ತಾವು ರಬ್ಬರಿನವರು, ಅಣ್ಣನ ನೆರಳಲ್ಲಿ ನಿಂತು ಅವರಿಗೆ ಬರುತ್ತಿದ್ದ ಸಲಾಮನ್ನು ತಾವೂ ಪಡೆದವರು. 2013ರ ಕಂಪನಿ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿ ಆ ದೊಡ್ಡಣ್ಣನನ್ನೇ ‘ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ’ ಎಂಬ ಸಾಲಿಗೆ ಸೇರಿಸಿತು. ಅವರು ಮಾಡುತ್ತಿದ್ದ ಕೆಲಸಕ್ಕೆ ಇಬ್ಬರು ನಿರ್ದೇಶಕರ ಸಹಿ, ಅಥವಾ ಒಬ್ಬ ನಿರ್ದೇಶಕ ಮತ್ತು ಕಂಪನಿ ಸೆಕ್ರೆಟರಿಯ ಸಹಿ ಸಾಕು ಎಂದಾಯಿತು. ಇನ್ನೂ ಹಿಂದಕ್ಕೆ, 1872ರ ಕರಾರು ಕಾಯ್ದೆಗೆ ಹೋದರೆ ಪರಿಸ್ಥಿತಿ ಮತ್ತೂ ಕಠೋರ. ಅರ್ಹ ವ್ಯಕ್ತಿಗಳು, ಸ್ವಂತ ಇಚ್ಛೆಯ ಒಪ್ಪಿಗೆ, ನ್ಯಾಯಬದ್ಧವಾದ ಪ್ರತಿಫಲ ಮತ್ತು ಉದ್ದೇಶ, ಇಷ್ಟಿದ್ದರೆ ಕರಾರು ಎನ್ನುತ್ತದೆ ಅದರ ಸೆಕ್ಷನ್ 10. ಬರಹದಲ್ಲೇ ಇರಬೇಕೆಂದು ಬೇರೆ ಕಾನೂನು ಹೇಳದಿದ್ದರೆ ಬಾಯಿಮಾತಿನ ಕರಾರೂ ಕರಾರೇ. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಬಾಕ್ಸೈಟ್ ಪೂರೈಕೆಯ ವ್ಯಾಜ್ಯದಲ್ಲಿ, ಔಪಚಾರಿಕ ಒಪ್ಪಂದಕ್ಕೆ ಇನ್ನೂ ಸಹಿಯೇ ಬಿದ್ದಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಮೇಲ್‌ಗಳಲ್ಲೇ ಕರಾರು ಕುದುರಿದೆ ಎಂದಿತು. ಹಡಗುಗಟ್ಟಲೆ ಅದಿರಿಗೆ ಬೇಡವಾದ ತಾವು ಇಲ್ಲಿ ಎರಡು ಕಂಪ್ಯೂಟರ್ ಬಾಡಿಗೆಗೆ ತರುವ ಪತ್ರದ ಮೇಲೆ ಮೂರು ಕಡೆ ಮೂಡುತ್ತಿದ್ದೀರಿ.

ಹಾಗಾದರೆ ಸಹಿಯಾದರೂ ಯಾಕೆ ಬೇಕು? ನಾಳೆ ಯಾರಾದರೂ ‘ಇದು ನಂದಲ್ಲ’ ಎಂದಾಗ ತೋರಿಸುವುದಕ್ಕೆ. ಯಾರು ಒಪ್ಪಿದರು, ಏನನ್ನು ಒಪ್ಪಿದರು, ಯಾವಾಗ ಒಪ್ಪಿದರು ಎಂಬುದಕ್ಕೆ ಉತ್ತರ ಕೊಡಬಲ್ಲದ್ದು ಸಹಿ, ಉಳಿದದ್ದು ಅಲಂಕಾರ. ಈ ಪರೀಕ್ಷೆಯಲ್ಲಿ ತಮ್ಮ ಅಂಕಪಟ್ಟಿ ಚೆನ್ನಾಗಿಲ್ಲ. ವಿಸಿಟಿಂಗ್ ಕಾರ್ಡ್ ಹಿಡಿದು ಹೋದ ಯಾರಿಗಾದರೂ ಸೀಲಿನ ಅಂಗಡಿಯವರು ತಮ್ಮ ಅವಳಿ ಸಹೋದರನನ್ನು ಮಾಡಿಕೊಡುತ್ತಾರೆ. ‘ನೀವ್ಯಾರು’ ಎಂದು ಕೇಳುವ ವಾಡಿಕೆ ಆ ವ್ಯಾಪಾರದಲ್ಲಿಲ್ಲ. ಹತ್ತು ಜನರ ವರ್ಕ್‌ಷಾಪ್ ಆಗಿದ್ದಾಗ ಇದು ದೊಡ್ಡ ತೊಂದರೆಯಲ್ಲ. ಮಾಲೀಕರ ಕಣ್ಣಳತೆಯಲ್ಲೇ ತಾವಿದ್ದಿರಿ, ಸರಕು ಕೊಡುವವರಿಗೂ ಕೊಳ್ಳುವವರಿಗೂ ಅವರ ಮುಖಪರಿಚಯವಿತ್ತು, ನಂಬಿಕೆ ಮುಖದ ಮೇಲಿತ್ತು. ತಾವು ಅದರ ಮೇಲೆ ಇಟ್ಟ ಕುಂಕುಮದ ಬೊಟ್ಟು. ವ್ಯವಹಾರ ಬೆಳೆದಾಗ ಬದಲಾಗುವುದು ಇದೇ. ನೇಮಕಾತಿ ಪತ್ರ, ಗೋಪ್ಯತೆಯ ಕರಾರು, ಗೋಡೌನಿನ ಬಾಡಿಗೆ, ಸಾಗಣೆಯವರ ದರಪಟ್ಟಿ, ಹೊರರಾಜ್ಯದ ಗಿರಾಕಿಯ ಖರೀದಿ ಷರತ್ತು ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ಸಹಿ ಹಾಕುವ ಕೈ ಮಾತ್ರ ಒಂದೇ. ಆಗ ಕಾಗದಗಳು ಕಾಯುತ್ತವೆ, ಇಲ್ಲವೇ ತಾವು ಮಾಲೀಕರ ಡ್ರಾಯರಿನಿಂದ ಅಕೌಂಟ್ಸ್‌ನವರ ಮೇಜಿಗೆ, ಅಲ್ಲಿಂದ ರಿಸೆಪ್ಷನ್‌ಗೆ ಪ್ರಯಾಣ ಹೊರಡುತ್ತೀರಿ. ಆ ಪ್ರಯಾಣದಲ್ಲಿ ತಮ್ಮನ್ನು ಯಾರ ಕೈ ಒತ್ತಿತು ಎಂಬುದು ಶಾಯಿಗೂ ಗೊತ್ತಿಲ್ಲ, ಕಾಗದಕ್ಕೂ ಗೊತ್ತಿಲ್ಲ.

ಈಗ ತಮ್ಮ ಪ್ರತಿಸ್ಪರ್ಧಿಯ ವಿಚಾರ. ಅದು ನಿನ್ನೆ ಮೊನ್ನೆ ಹುಟ್ಟಿದ ಮಗುವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಸಹಿ ಬೇಕೆಂದು ಕಾನೂನು ಕೇಳುವಲ್ಲಿ ನಿಗದಿತ ರೀತಿಯ ಎಲೆಕ್ಟ್ರಾನಿಕ್ ಸಹಿಯಿದ್ದರೆ ಸಾಕು ಎನ್ನುತ್ತದೆ ಅದರ ಸೆಕ್ಷನ್ 5. ಎಲೆಕ್ಟ್ರಾನಿಕ್ ವಿಧಾನದಲ್ಲಿ ಆದದ್ದು ಎಂಬ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕುವಂತಿಲ್ಲ ಎಂಬ 10ಎ ಸೆಕ್ಷನ್ 2008ರ ತಿದ್ದುಪಡಿಯಲ್ಲಿ ಬಂತು. ಕೆಲಸ ನಡೆಯುವ ಬಗೆ ಇಷ್ಟೇ: ಕಡತದ ಪ್ರತಿ ಅಕ್ಷರವನ್ನೂ ಅರೆದು ಒಂದು ಪುಟ್ಟ ಅಂಕಿಮಾಲೆ ತೆಗೆಯುತ್ತಾರೆ, ಸಹಿದಾರನ ಬಳಿ ಮಾತ್ರ ಇರಬೇಕಾದ ಗುಪ್ತ ಕೀಲಿಯಿಂದ ಅದಕ್ಕೆ ಬೀಗ ಜಡಿಯುತ್ತಾರೆ. ಆಮೇಲೆ ಯಾರಾದರೂ ಎರಡು ಲಕ್ಷವನ್ನು ಇಪ್ಪತ್ತು ಲಕ್ಷ ಮಾಡಿದರೂ, ಒಂದು ಅಲ್ಪವಿರಾಮ ಕದಲಿಸಿದರೂ, ಅಂಕಿಮಾಲೆ ಹೊಂದದೆ ಸಹಿ ಕೂಗಿಕೊಳ್ಳುತ್ತದೆ. ಸರ್ಕಾರದ ಕಂಟ್ರೋಲರರಿಂದ ಪರವಾನಗಿ ಪಡೆದ ಸಂಸ್ಥೆಗಳು ಕೊಡುವ ಕ್ಲಾಸ್ 3 ಪ್ರಮಾಣಪತ್ರ ಯುಎಸ್‌ಬಿ ಟೋಕನ್‌ನಲ್ಲಿ ಬರುತ್ತದೆ. ಡಿಎಸ್‌ಸಿ ಎಂದರೆ ಎಲ್ಲರಿಗೂ ಗೊತ್ತು. 2015ರಿಂದ ಆಧಾರ್ ಇ-ಸೈನ್ ಇದೆ. ಒಟಿಪಿ ಕೊಟ್ಟರೆ ಆ ಒಂದು ಸಹಿಗಾಗಿಯೇ ಕೀಲಿ ಹುಟ್ಟುತ್ತದೆ, ಕೆಲಸ ಮುಗಿದೊಡನೆ ಅಳಿಸಿಹೋಗುತ್ತದೆ; ಅದರ ಪ್ರಮಾಣಪತ್ರದ ಆಯಸ್ಸು ಅರ್ಧ ಗಂಟೆ. ಕದ್ದುಕೊಂಡು ಹೋಗಿ ನಾಳೆ ಒತ್ತೋಣವೆಂದರೆ ನಾಳೆಗೆ ಅದು ಇರುವುದೇ ಇಲ್ಲ. ತಾವು ದಯವಿಟ್ಟು ಈ ವಾಕ್ಯವನ್ನು ಎರಡು ಸಲ ಓದಬೇಕು.

‘ಕೋರ್ಟಿನಲ್ಲಿ ನಿಲ್ಲುತ್ತಾ ಸ್ವಾಮಿ’ ಎಂಬುದು ತಮ್ಮ ಭಕ್ತರ ಮೊದಲ ಬಾಣ. ನಿಲ್ಲುತ್ತದೆ, ಆದರೆ ಅದಕ್ಕೂ ಕ್ರಮವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಂತೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು; ಅದರ ನಮೂನೆಯಲ್ಲಿ ಮೇಲೆ ಹೇಳಿದ ಅಂಕಿಮಾಲೆಯನ್ನೂ ಬರೆಯಬೇಕು. ಇದು ಕಷ್ಟವೆನ್ನುವವರು ಕಾಗದದ ದಾರಿಯನ್ನೂ ನೆನೆಯಲಿ: ಸಹಿ ನನ್ನದಲ್ಲವೆಂದು ಎದುರಾಳಿ ಹೇಳಿದ ದಿನದಿಂದ ಮೂಲಪ್ರತಿ ಹುಡುಕು, ಸಾಕ್ಷಿ ಕರೆಸು, ಕೈಬರಹ ತಜ್ಞರ ಅಭಿಪ್ರಾಯಕ್ಕೆ ಕಾಯಿ. ಎರಡನೆಯ ಬಾಣ, ‘ಕಂಪ್ಯೂಟರ್‌ನಲ್ಲಿ ಯಾರು ಏನು ಬೇಕಾದರೂ ಮಾಡ್ತಾರೆ, ಕಾಗದ ಮೋಸ ಮಾಡಲ್ಲ’ ಎಂಬುದು. ಇದನ್ನು ಬೇರೆಡೆಯವರು ಹೇಳಿದರೆ ಅಜ್ಞಾನ ಎಂದು ಬಿಡಬಹುದು. ಕರ್ನಾಟಕದವರು ಹೇಳಿದರೆ ಮರೆವು. ಖಾನಾಪುರದ ಅಬ್ದುಲ್ ಕರೀಂ ತೆಲಗಿ ಅಚ್ಚು ಹಾಕಿದ್ದು ನಕಲಿ ಪಿಡಿಎಫ್ ಅಲ್ಲ, ನಕಲಿ ಛಾಪಾ ಕಾಗದ. ಕಾಗದಗಳಲ್ಲೆಲ್ಲ ಅತಿ ಪವಿತ್ರವಾದದ್ದನ್ನೇ ಆತ ಅಚ್ಚು ಹಾಕಿ ಮಾರಿದ, ದೊಡ್ಡ ದೊಡ್ಡ ಸಂಸ್ಥೆಗಳೇ ಕೊಂಡವು. 2001ರಲ್ಲಿ ಸಿಕ್ಕಿಬಿದ್ದ, 2007ರಲ್ಲಿ ಜೈಲು ಶಿಕ್ಷೆಯೂ 202 ಕೋಟಿ ದಂಡವೂ ಬಿತ್ತು. ಕಾಗದ ಮೋಸ ಮಾಡಲಿಲ್ಲ, ನಿಜ. ಮೋಸ ಮಾಡಿದವನಿಗೆ ಮೈಕೊಟ್ಟಿತು. ಇತ್ತ ರೈತರು ಆನ್‌ಲೈನಿನಲ್ಲಿ ತೆಗೆದ ಡಿಜಿಟಲ್ ಸಹಿಯ ಪಹಣಿ ಹಿಡಿದು ಸಾಲಕ್ಕೆ ಓಡಾಡುತ್ತಿದ್ದಾರೆ. ಎಕರೆಗಟ್ಟಲೆ ಹೊಲ ನಂಬಿದ್ದನ್ನು ಎರಡು ಲೇತ್ ಮಷೀನು ನಂಬಲಾರದೇ?

ಮೂರನೆಯ ಆಕ್ಷೇಪಕ್ಕೆ ತೂಕವಿದೆ, ಅದನ್ನು ಗೇಲಿ ಮಾಡಿ ದಾಟಲಾಗದು. ಒಟಿಪಿ ಒತ್ತಿದವರು ಯಾರೆಂದು ಆಧಾರ್ ಹೇಳೀತು; ಆ ಮನುಷ್ಯನಿಗೆ ಕಂಪನಿಯ ಪರ ಸಹಿ ಹಾಕುವ ಅಧಿಕಾರ ಇತ್ತೇ ಎಂದು ಹೇಳದು. ಸೀಲು ಕಂಪನಿಯ ಮುಖ, ಸಹಿ ವ್ಯಕ್ತಿಯ ಮುಖ ಎನ್ನುತ್ತಾರೆ ತಮ್ಮ ಪಕ್ಷದ ಬುದ್ಧಿವಂತರು. ಸರಿಯೇ. ಆದರೆ ಆ ಅಧಿಕಾರ ತಮ್ಮೊಳಗೂ ಎಂದೂ ಇರಲಿಲ್ಲ. ಅದು ಬೋರ್ಡ್ ನಿರ್ಣಯದಲ್ಲಿ, ಪಾಲುದಾರಿಕೆ ಪತ್ರದಲ್ಲಿ ಇರುವಂಥದ್ದು. ಐದು ಲಕ್ಷದವರೆಗೆ ಖರೀದಿ ಮ್ಯಾನೇಜರ್, ಅದರ ಮೇಲೆ ನಿರ್ದೇಶಕರು ಎಂದು ಬರೆದಿಟ್ಟ ಕಂಪನಿಗೆ ಇ-ಸಹಿ ಆ ಗೆರೆಯನ್ನು ಕಾಯುವ ಕಾವಲುಗಾರ. ಬರೆದಿಡದ ಕಂಪನಿಗೆ ಅದೂ ತಮ್ಮಂತೆಯೇ ಒಂದು ಬೊಟ್ಟು. ಬೆಳೆಯುವ ವ್ಯವಹಾರಗಳು ಸಾಫ್ಟ್‌ವೇರಿನ ದರ ವಿಚಾರಿಸಿದಷ್ಟು ಆಸ್ಥೆಯಿಂದ ಈ ಅರ್ಧ ಪುಟ ಬರೆಯುವುದಿಲ್ಲ ಎಂಬುದೇ ಬೇಸರ.

ಇನ್ನು ತಾವು ಹಿಗ್ಗಬೇಕಾದ ಸಂಗತಿ: ತಮಗೆ ಪುನರ್ಜನ್ಮ ಆಗಲೇ ಆಗಿಹೋಗಿದೆ, ಒಂದಲ್ಲ ಮೂರು. ಬಿಳಿಹಾಳೆಯಲ್ಲಿ ಸಹಿ ಮಾಡಿ, ಫೋಟೊ ಹೊಡೆದು, ಅದನ್ನೇ ಎಲ್ಲ ಪತ್ರಗಳ ಕೊನೆಗೆ ಅಂಟಿಸುವ ಚಿತ್ರಸಹಿ ತಮ್ಮ ಮೊದಲ ಅವತಾರ. ಒಪ್ಪಿಗೆಯಿತ್ತು ಎಂಬುದಕ್ಕೆ ಅದು ಕೊಂಚ ಆಧಾರವಾದೀತೇ ಹೊರತು ಕಾಯ್ದೆ ಹೇಳುವ ಎಲೆಕ್ಟ್ರಾನಿಕ್ ಸಹಿ ಅದಲ್ಲ. ಕಾಪಿ-ಪೇಸ್ಟ್ ಬಲ್ಲ ಪ್ರತಿಯೊಬ್ಬನೂ ಅದರ ಒಡೆಯ. ಎರಡನೆಯದು ‘ಸೇಫ್ಟಿಗೆ’ ತೆಗೆಯುವ ಪ್ರಿಂಟ್. ಸಹಿಯ ಪ್ರಾಣ ಇರುವುದು ಕಡತದೊಳಗೆ. ಕಾಗದದ ಮೇಲೆ ಮೂಡುವುದು ಹಸಿರು ಗುರುತಿನ ಚಿತ್ರ ಮಾತ್ರ. ಅದನ್ನು ಮುದ್ರಿಸಿ, ತಮ್ಮನ್ನು ಮೇಲೊತ್ತಿ, ಮತ್ತೆ ಸ್ಕ್ಯಾನ್ ಮಾಡಿ ಜೋಪಾನವಾಗಿಟ್ಟು ಮೂಲ ಕಡತವನ್ನು ಅಳಿಸುವ ಕಚೇರಿಗಳುಂಟು. ಮದುವೆ ಫೋಟೊ ಫ್ರೇಮು ಹಾಕಿಸಿ ಮದುಮಗನನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬಂದಂತೆ.

ಮೂರನೆಯದು ಪೂರ್ಣಾವತಾರ. ಆಡಿಟರ್ ಕಚೇರಿಯ ಡ್ರಾಯರಿನಲ್ಲಿ, ಡಬ್ಬಿಯೊಳಗೆ, ಕಕ್ಷಿದಾರರ ಹೆಸರಿನ ಚೀಟಿ ಅಂಟಿಸಿಕೊಂಡ ಟೋಕನ್‌ಗಳ ಸಾಲು. ಚೀಟಿಯ ಹಿಂದೆಯೇ ಪಿನ್. ರಿಟರ್ನ್ ಸಲ್ಲಿಸುವ ಕೊನೆಯ ದಿನಗಳಲ್ಲಿ ಮಾಲೀಕರನ್ನು ಹುಡುಕುತ್ತ ಕೂರಲಾಗದೆಂಬ ಕಷ್ಟ ನಿಜ, ಆಡಿಟರುಗಳ ಮೇಲೆ ನಂಬಿಕೆಯೂ ನ್ಯಾಯವೇ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ ಈ ಸಹಿಗೆ ಕೊಡುವ ಬಲವೆಲ್ಲ ಒಂದು ಷರತ್ತಿನ ಮೇಲೆ ನಿಂತಿದೆ. ‘ಸುರಕ್ಷಿತ’ ಸಹಿ ಎನಿಸಿಕೊಳ್ಳಬೇಕಾದರೆ ಸಹಿ ಬೀಳುವ ಹೊತ್ತಿಗೆ ಕೀಲಿ ಸಹಿದಾರನ ಕೈಯಲ್ಲಿ, ಅವನೊಬ್ಬನ ಕೈಯಲ್ಲಿ, ಇರಬೇಕು ಎನ್ನುತ್ತದೆ ಸೆಕ್ಷನ್ 15. ಕೀಲಿಯ ಜೋಪಾನ ಅವನದೇ ಹೊಣೆ, ಕೈತಪ್ಪಿದರೆ ತಡಮಾಡದೆ ತಿಳಿಸಬೇಕು, ತಿಳಿಸುವವರೆಗಿನ ಫಲವೂ ಅವನ ಪಾಲಿಗೇ ಎನ್ನುತ್ತದೆ ಸೆಕ್ಷನ್ 42. ವಂಚಿಸುವ ಉದ್ದೇಶದಿಂದ ಇನ್ನೊಬ್ಬರ ಸಹಿ ಬಳಸಿದವರಿಗೆ ಸೆಕ್ಷನ್ 66ಸಿಯಲ್ಲಿ ಮೂರು ವರ್ಷದವರೆಗೆ ಜೈಲಿದೆ, ಒಪ್ಪಿದೆ. ಆದರೆ ಕೀಲಿಯನ್ನೂ ಪಿನ್ನನ್ನೂ ಒಟ್ಟಿಗೆ ಕೊಟ್ಟು ಮೂರು ವರ್ಷ ಮರೆತವನು ‘ನಾನಲ್ಲ’ ಎಂದರೆ ಕೇಳುವವರು ಯಾರು? ರಬ್ಬರಿನ ತಾವು ಎಲ್ಲೆಲ್ಲೋ ಓಡಾಡಿದಾಗ ‘ಯಾರೋ ಒತ್ತಿರಬೇಕು’ ಎಂದು ಜಾರಿಕೊಳ್ಳಲು ದಾರಿಯಿತ್ತು. ಪ್ಲಾಸ್ಟಿಕ್ಕಿನ ಈ ಜನ್ಮದಲ್ಲಿ ಅದೂ ಇಲ್ಲ.

ತಮಗೆ ಉಳಿಯುವ ಕೆಲಸವನ್ನೂ ಹೇಳಿಬಿಡುತ್ತೇನೆ, ನಿರುದ್ಯೋಗದ ಭಯ ಬೇಡ. ಉಯಿಲು ಮತ್ತು ಟ್ರಸ್ಟ್ ಪತ್ರ ಈಗಲೂ ಇ-ಸಹಿಯ ಪರಿಧಿಯ ಹೊರಗಿವೆ. ಜಿಪಿಎ, ಪ್ರಾಮಿಸರಿ ನೋಟುಗಳಿಗೆ 2022ರಲ್ಲಿ ಬಾಗಿಲು ತೆರೆದದ್ದು ರಿಸರ್ವ್ ಬ್ಯಾಂಕಿನಂಥ ನಿಯಂತ್ರಕರ ಅಡಿಯಲ್ಲಿರುವ ಸಂಸ್ಥೆಗಳ ಪರ ಬರೆದುಕೊಡುವಾಗ ಮಾತ್ರ. ಜಮೀನಿನ ಕ್ರಯವನ್ನು ಅದೇ ವರ್ಷ ಹೊರಗಿಟ್ಟವುಗಳ ಪಟ್ಟಿಯಿಂದ ತೆಗೆದರೂ ಸಬ್ ರಿಜಿಸ್ಟ್ರಾರರ ಮೆಟ್ಟಿಲು ತಪ್ಪಿಲ್ಲ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆ ಕೇಳುವ ಶುಲ್ಕವನ್ನು ಸಹಿ ಹೇಗೇ ಬೀಳಲಿ ಕಟ್ಟಲೇಬೇಕು. ಆಧಾರ್‌ಗೆ ಮೊಬೈಲ್ ಜೋಡಿಸದ ಸಣ್ಣ ಪೂರೈಕೆದಾರನಿಗೆ ‘ಇ-ಸೈನ್ ಇಲ್ಲದಿದ್ದರೆ ಆರ್ಡರ್ ಇಲ್ಲ’ ಎನ್ನುವುದು ದುರಹಂಕಾರ. ಅವನಿಗೆ ಕಾಗದವೇ ಇರಲಿ. ಕೆಲವು ಬ್ಯಾಂಕ್ ಕೌಂಟರುಗಳಲ್ಲಿ ತಮ್ಮ ದರ್ಶನವಿಲ್ಲದೆ ಅರ್ಜಿ ಕದಲುವುದಿಲ್ಲ. ಅಲ್ಲಿಗೆ ಹೋಗಿ ಬನ್ನಿ. ಬರುವಾಗ ಹಾಗೆಯೇ ಆಡಿಟರ್ ಕಚೇರಿಗೆ ಹೊಕ್ಕು, ಮಾಲೀಕರ ಹೆಸರಿನ ಆ ಟೋಕನ್ ಇಸಿದುಕೊಂಡು ಬನ್ನಿ. ಚೀಟಿ ಅಲ್ಲೇ ಇರಲಿ ಬಿಡಿ; ಪಿನ್ ಹೇಗೂ ಬದಲಾಯಿಸಬೇಕು.

ಇತಿ ತಮ್ಮ ವಿಧೇಯ