ಬಿಡುವಿಲ್ಲದ ಬಿಡುವು

ಭಾನುವಾರದ ಅಪರಾಹ್ನದಲ್ಲಿ, ಒಂದು ಕಂಪ್ಯೂಟರೂ ಚಾಲನೆಯಲ್ಲಿರದ ಕಛೇರಿಯೊಳಗೆ, 48 ಪೋರ್ಟುಗಳ ನೆಟ್‌ವರ್ಕ್ ಸ್ವಿಚ್ಚೊಂದು ತನ್ನ ಪ್ರೊಸೆಸರಿನ ಶಕ್ತಿಯಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಗಿಲಾದುದನ್ನು ವ್ಯಯಮಾಡುತ್ತಿದ್ದರೆ, ಅದು ಯಾರ ಸೇವೆಯಲ್ಲಿ ಇಷ್ಟೊಂದು ನಿರತವಾಗಿದೆಯೆಂಬ ಸಂಶಯ ಮೂಡುವುದು ಸಹಜವೇ. ನನಗಂತೂ ಆ ಯಂತ್ರದ ಮೇಲೆ ಗೌರವವೇ ಹೆಚ್ಚಿತು.

ಏಕೆಂದರೆ ಮಾಹಿತಿಯನ್ನು ಒಂದು ಪೋರ್ಟಿನಿಂದ ಮತ್ತೊಂದಕ್ಕೆ ದಾಟಿಸುವ ಮುಖ್ಯ ಕಾರ್ಯ ಸಾಮಾನ್ಯವಾಗಿ ಪ್ರೊಸೆಸರಿನದಲ್ಲ. ಅದಕ್ಕೆಂದೇ ನಿರ್ಮಿತವಾದ ಏಸಿಕ್ ಎಂಬ ಚಿಪ್ಪುಗಳು ಇದರ ಅಪ್ಪಣೆಗೂ ಕಾಯದೆ ಅದನ್ನು ನೆರವೇರಿಸುತ್ತವೆ. ಮದುವೆಮನೆಯಲ್ಲಿ ಬಡಿಸುವವರು ಬೇರೆಯಿದ್ದರೂ ಪಂಕ್ತಿಯಿಂದ ಪಂಕ್ತಿಗೆ ನಡೆದಾಡುತ್ತ, ಎಲೆ ಹಾಸಿದೆಯೇ, ನೀರಿಟ್ಟಿದೆಯೇ, ಯಾರಾದರೂ ಕುಳಿತರೇ ಎಂದು ವಿಚಾರಿಸುವ ಹಿರಿಯರಂತೆ, ಪ್ರೊಸೆಸರಿನದು ಮೇಲ್ವಿಚಾರಣೆಯ ಪಾತ್ರ. ಅತಿಥಿಗಳೇ ಬಾರದಿದ್ದರೂ ಆ ಹಿರಿಯರ ನಡಿಗೆ ನಿಲ್ಲುವುದಿಲ್ಲ. ಕ್ಯಾಟಲಿಸ್ಟ್ 2960 ಮಾದರಿಯ ಸ್ವಿಚ್ಚುಗಳಲ್ಲಿ ಈ ವಿಚಾರಣೆಯ ಬಹುಭಾಗವನ್ನು 'ಹುಲ್ಕ್ ಎಲ್‌ಇಡಿ ಪ್ರೊಸೆಸ್' ಎಂಬ ಕರ್ಣಕಠೋರ ನಾಮಧೇಯದ ಕಾರ್ಯವೊಂದು ವಹಿಸಿಕೊಂಡಿದ್ದು, ಯಾವ ಪೋರ್ಟಿಗೆ ತಂತಿ ಸೇರಿದೆ, ಯಾವ ದೀಪ ಹಸುರಾಗಬೇಕು ಎಂದು ನಿರಂತರವಾಗಿ ಪರೀಕ್ಷಿಸುತ್ತಿರುತ್ತದೆ. ಪೋರ್ಟು ಹೆಚ್ಚಿದಷ್ಟೂ ಶ್ರಮವೂ ಹೆಚ್ಚು. ಇದರ ಜೊತೆಗೆ, ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನದ ಪ್ರಕಾರ, ಜಾಲದಲ್ಲಿ ಕುಣಿಕೆ ಉಂಟಾಗದಂತೆ 2 ಸೆಕೆಂಡುಗಳಿಗೊಮ್ಮೆ ಸಾಗುವ ಕ್ಷೇಮಸಮಾಚಾರದ ಪತ್ರವ್ಯವಹಾರವೂ ಇದೆ.

ಇಷ್ಟು ಸಾಲದೆಂಬಂತೆ, ನಾವೇ ನಿಯಮಿಸಿದ ನಿಗಾ ತಂತ್ರಾಂಶವು ಮತ್ತೆಮತ್ತೆ ಬಂದು "ಎಷ್ಟು ಬಿಡುವಾಗಿದ್ದೀಯೆ?" ಎಂದು ಪ್ರಶ್ನಿಸುತ್ತದೆ, ಬಿಡುವೆಷ್ಟೆಂದು ಲೆಕ್ಕಹಾಕಿ ಉತ್ತರಿಸುವುದರಲ್ಲಿಯೇ ಆ ಬಡಜೀವಿಯ ಬಿಡುವು ಕಿಂಚಿತ್ ಕರಗುತ್ತದೆ.

ನಮ್ಮಲ್ಲಿನ ತರುಣ ಇಂಜಿನಿಯರು "ಸಾರ್, ಒಂದು ಸಲ ರೀಸ್ಟಾರ್ಟ್ ಮಾಡಿಬಿಡಲೇ?" ಎಂದು ಉತ್ಸಾಹದಿಂದ ಎದ್ದುನಿಂತ. ಎಚ್ಚರಗೊಳ್ಳುವ ಗಳಿಗೆಯಲ್ಲಿಯೇ ಸ್ವಿಚ್ಚಿಗೆ ಅತಿಶಯ ದುಡಿಮೆಯೆಂದು ಹೇಳಿ ಅವನನ್ನು ಕುಳ್ಳಿರಿಸಿ, 'ಷೋ ಪ್ರೊಸೆಸಸ್ ಸಿಪಿಯು' ಎಂಬ ಆಜ್ಞೆಯನ್ನು ಕೊಡಿಸಿದೆ. 38%/0% ಎಂದು ಬಂತು. ಗೀಟಿನ ಈಚೆಗಿರುವುದು ಒಟ್ಟು ದುಡಿಮೆ. ಆಚೆಗಿರುವುದು ಇಂಟರಪ್ಟುಗಳ, ಎಂದರೆ ಬಹುತೇಕ ಪ್ರೊಸೆಸರಿನ ಬಾಗಿಲು ತಟ್ಟಿದ ಪ್ಯಾಕೆಟ್ಟುಗಳ, ಪಾಲು. ಆ ಎರಡನೆಯ ಅಂಕಿ ಏರಿದ್ದರೆ, ಎಲ್ಲಿಯೋ ಬ್ರಾಡ್‌ಕಾಸ್ಟಿನ ಪ್ರವಾಹ ನುಗ್ಗುತ್ತಿದೆಯೆಂದು ಹುಡುಕಾಟಕ್ಕೆ ಹೊರಡಬಹುದಿತ್ತು. ಸೊನ್ನೆಯನ್ನು ಹಿಡಿದುಕೊಂಡು ಯಾರನ್ನು ಬೆನ್ನಟ್ಟುವುದು!

ಅಂತೂ ಆ ನಿಶ್ಶಬ್ದ ದಿನದ ಅಂಕಿಯನ್ನೇ ಸಹಜಸ್ಥಿತಿಯೆಂದು ಕಡತದಲ್ಲಿ ನಮೂದಿಸಿ, ಎಚ್ಚರಿಕೆಯ ಮಿತಿಯನ್ನು ಅದಕ್ಕಿಂತ ಸಾಕಷ್ಟು ಮೇಲಕ್ಕೆ ಏರಿಸಿದೆವು. ಕಡತವನ್ನು ಓದಿದ ಆಡಿಟ್ಟಿನವರು ಈಗ, ಉಳಿದ ನೂರಕ್ಕೆ 62 ಭಾಗಕ್ಕೆ ಯಾವ ಕೆಲಸವನ್ನೂ ವಹಿಸದಿರಲು ಕಾರಣವೇನೆಂದು ಲಿಖಿತ ವಿವರಣೆ ಕೇಳಿದ್ದಾರೆ.