ವಯಾ ಯಾರು?

ಹೊರಕೆರೆದೇವರಪುರದಲ್ಲಿ ಬಸ್ಸಿಗೆ ಕಾಯುವ ಅಜ್ಜಿ ಕಂಡಕ್ಟರನ್ನು ಕೇಳುವುದು ಹೀಗೆ: ‘ಹೊಳಲ್ಕೆರೆ ಮೇಲೆ ಹೋಗುತ್ತದೇನಪ್ಪಾ?’ ಅಪ್ಪಟ ಕನ್ನಡ. ಯಾರಿಗಾದರೂ ಅರ್ಥವಾಗುತ್ತದೆ. ಬಸ್ಸಿನ ಬೋರ್ಡಿಗೆ ಮಾತ್ರ ಇದು ಸಾಲದು. ಅಲ್ಲಿ ‘ವಯಾ’ ಬೇಕು.

ಕನ್ನಡ ಅಕ್ಷರದಲ್ಲೇ ಇದೆಯಲ್ಲ, ಇನ್ನೇನು ರಗಳೆ ಅನ್ನುತ್ತಾರೆ. ನಿಜ. ಅಂಗಡಿ ಬೋರ್ಡುಗಳಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನು ಬಿಗಿ ಮಾಡಿದರು. ಅಳೆಯುವ ಟೇಪಿಗೆ ಅಕ್ಷರ ಕಾಣುತ್ತದೆ, ಮಾತು ಕಾಣುವುದಿಲ್ಲ. ‘ಬೇಕರಿ ಅಂಡ್ ಸ್ವೀಟ್ಸ್’ ಎಂದು ದಪ್ಪಗೆ ಬರೆಸಿದರೆ ಕನ್ನಡ ಉಳಿಯಿತು.

ಹೊರಕೆರೆದೇವರಪುರದ ಹೆಸರನ್ನೇ ನೋಡಿ. ಅದರಲ್ಲಿ ಕೆರೆಯಿತ್ತು, ದೇವರಿದ್ದ. ಉದ್ದವಾಯಿತೆಂದು ಎಚ್‌.ಡಿ. ಪುರ ಮಾಡಿದೆವು. ಕೆರೆಯೂ ಹೋಯಿತು, ದೇವರೂ ಹೋದ. ಉಳಿದದ್ದು ಎರಡು ಇಂಗ್ಲಿಷ್ ಅಕ್ಷರ. ರಾಜ್ಯೋತ್ಸವದ ಬ್ಯಾನರಿನಲ್ಲಿ ಜಾಗವಾದರೂ ಉಳಿಯಿತು ಬಿಡಿ. ಶಾಸಕರ ಫೋಟೋಗೆ.

ಹೋಗಲಿ, ಎರವಲು ತಂದದ್ದನ್ನಾದರೂ ನೆಟ್ಟಗೆ ಬಳಸುತ್ತೇವಾ?

‘ವಯಾ’ ಇಂಗ್ಲಿಷಿನ ಸ್ವಂತ ಸೊತ್ತಲ್ಲ. ಲ್ಯಾಟಿನ್ ಮಾಲು. ರೋಮನ್ನರಿಗೆ ‘ವಿಯಾ’ ಎಂದರೆ ರಸ್ತೆ. ಅವರು ಕ್ರಿ.ಪೂ. 312ರಲ್ಲಿ ಹಾಕಲು ಹಿಡಿದ ‘ವಿಯಾ ಅಪ್ಪಿಯಾ’ದ ಕಲ್ಲುಗಳ ಮೇಲೆ ಇವತ್ತಿಗೂ ಜನ ಓಡಾಡುತ್ತಾರೆ. (ನಮ್ಮ ಡಾಂಬರಿನ ಆಯಸ್ಸು ಒಂದು ಮಳೆಗಾಲ.) ಆ ಪದಕ್ಕೆ ವಿಭಕ್ತಿ ಹಚ್ಚಿದಾಗ ‘ದಾರಿಯಿಂದ’, ‘ದಾರಿಯಾಗಿ’ ಎಂಬ ಅರ್ಥ ಬಂತು. 18ನೇ ಶತಮಾನದಲ್ಲಿ ಇಂಗ್ಲಿಷರು ಅದನ್ನು ಇಡಿಯಾಗಿ ಎತ್ತಿಕೊಂಡು ಪ್ರಿಪೊಸಿಷನ್ ಮಾಡಿದರು. ಅವರಲ್ಲಿ ಪ್ರತ್ಯಯದ ಬಡತನ, ತಂದರು. 13ನೇ ಶತಮಾನದಲ್ಲೇ ಕೇಶಿರಾಜನಿಂದ ವಿಭಕ್ತಿ ಪಾಠ ಹೇಳಿಸಿಕೊಂಡ ನಮಗೇನು ಬಡತನ? ‘ಉ, ಅನ್ನು, ಇಂದ’ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಅದೇ ಮಕ್ಕಳನ್ನು ಹತ್ತಿಸುವುದು ‘ವಯಾ’ ಬಸ್ಸಿಗೆ.

ಇನ್ನು ಬಳಕೆ. ‘ವಯಾ’ ಆದಮೇಲೆ ಊರಿನ ಹೆಸರೇ ಬರಬೇಕು, ವಾಹನದ್ದಲ್ಲ, ಮನುಷ್ಯರದ್ದಂತೂ ಅಲ್ಲ ಎನ್ನುವುದು ಹಳೇ ಇಂಗ್ಲಿಷ್ ಮೇಷ್ಟ್ರುಗಳ ಪಟ್ಟು. ಈಗ ನಿಘಂಟುಗಳೇ ಸಡಿಲ ಬಿಟ್ಟಿವೆ. ನಾವು ಅದಕ್ಕೂ ಮುಂದೆ ಹೋದವರು. ‘ವಯಾ ಮೀಡಿಯಾ’ ಎಂದರೆ ನಡುದಾರಿ, ರಾಜಿಯ ದಾರಿ. ನಮ್ಮಲ್ಲಿ ಅದು ನಡುವೆ ನಿಂತು ಕಮಿಷನ್ ತಿನ್ನುವವನ ಹೆಸರು. ಖಾತೆ ಬದಲಾವಣೆಗೆ ಅರ್ಜಿ ಹಿಡಿದು ಯಾವುದೇ ಕಚೇರಿಯ ಕಿಟಕಿಗೆ ಹೋಗಿ. ಅರ್ಜಿ ಯಾರೂ ನೋಡುವುದಿಲ್ಲ. ‘ಯಾರ ಕಡೆಯಿಂದ ಬಂದ್ರಿ?’ ಇಷ್ಟು ಸೊಗಸಾದ ಕನ್ನಡ ಯಾವ ರಾಜ್ಯೋತ್ಸವದ ವೇದಿಕೆಯಲ್ಲೂ ಕೇಳಿಲ್ಲ.

ನೀರಿಗೂ ವಯಾ ತಪ್ಪಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ ಹಾಕಬೇಕು. ಭದ್ರೆಯಿಂದ 29.9 ಟಿಎಂಸಿ ಎತ್ತಿ, ಅಜ್ಜಂಪುರದ ಸುರಂಗ ಹಾಯಿಸಿ, ಚಿತ್ರದುರ್ಗದ ಕಡೆಗೆ ಹರಿಸಬೇಕು. ಮೇಷ್ಟ್ರುಗಳು ಮೆಚ್ಚುವ ವಯಾ ಇದು. ನದಿ, ಸುರಂಗ, ಊರು. ಮನುಷ್ಯರ ಹೆಸರೇ ಇಲ್ಲ.

ದಾರಿ ತಿಳಿಯದೇ ಇರುವುದು ದುಡ್ಡಿನದು. 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಿಸಿದರು. ಇಂಗ್ಲಿಷಿನಲ್ಲಿ, ಒಂದು ಪ್ರಿಪೊಸಿಷನ್ನೂ ತಪ್ಪದೆ. ಆ ದುಡ್ಡು ಬಂದಿಲ್ಲವೆಂದು ರಾಜ್ಯ ಸರ್ಕಾರ 2025ರಲ್ಲೂ ಹೇಳುತ್ತಲೇ ಇತ್ತು.